ಮಾವಿನ ಮರದ ಕಹಳೆ

ಮರದ ಕಹಳೆ ನಮ್ಮ ಕಡೆಗೆ ಹೊಸದಲ್ಲ. ಮದುವೆ ಚಪ್ಪರದ ಮೂಲೆಯಲ್ಲಿ ಕೂತು ಓಲಗದವರು ಊದುವ ನಾಗಸ್ವರವೇ ಒಂದು ಮರದ ಕಹಳೆ. ತುಟಿಯ ಹತ್ತಿರ ಕಿರುಬೆರಳೂ ತೂರದಷ್ಟು ಸಣ್ಣ ತೂತು, ಕೆಳಗಿಳಿದಂತೆ ಹಿಗ್ಗುತ್ತ ಹೋಗುವ ಕೊಳವೆ, ತುದಿಯಲ್ಲಿ ಹೂವರಳಿದಂಥ ಬಾಯಿ. ಪೀಪಿಯನ್ನಷ್ಟೇ ಬಿಚ್ಚಿ ಊದಿದರೆ ಕೀಚಲು ಸದ್ದು. ಅದನ್ನೇ ಕೊಳವೆಗೆ ಸಿಕ್ಕಿಸಿ ಊದಿದರೆ ಬೀದಿಯ ಆ ತುದಿಯ ಮನೆಯವರು ಧಾರೆಗೆ ಹೊತ್ತಾಯಿತೆಂದು ಬಾಗಿಲು ಎಳೆದುಕೊಂಡು ಹೊರಡುತ್ತಾರೆ. ಕರೆಂಟು ಬೇಡ, ಆಂಪ್ಲಿಫೈಯರು ಬೇಡ. ಒಬ್ಬ ಮನುಷ್ಯನ ಉಸಿರಿಗೆ ಮರದ ಒಂದು ಆಕಾರ ಜೊತೆಯಾದರೆ ಸಾಕು.

ಈ ಆಕಾರಕ್ಕೆ ಮನಸೋತವರು ಜಪಾನಿನಲ್ಲಿದ್ದಾರೆ, ಜರ್ಮನಿಯಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ನಡುಮನೆಯಲ್ಲಿ ಆಳೆತ್ತರದ ಮರದ ಕಹಳೆ ನಿಲ್ಲಿಸಿ, ಅದರ ಹಿಂದೆ ಸದ್ದು ಹುಟ್ಟಿಸುವ ಅಂಗೈಯಗಲದ ಡ್ರೈವರ್ (ನಮ್ಮ ಮೈಕ್ ಸೆಟ್ಟಿನವರು ಯೂನಿಟ್ಟು ಅನ್ನುವುದು) ಕೂರಿಸಿ, ಏಳೆಂಟು ವಾಟ್ ಕೊಡುವ ವಾಲ್ವ್ ಆಂಪ್ಲಿಫೈಯರಿನಲ್ಲಿ ಸಂಗೀತ ಕೇಳುವವರು ಅವರು. ಅವರ ಪಾಲಿಗೆ ಅದೇ ಕನಸಿನ ಸ್ಪೀಕರು. ಅದಕ್ಕಾಗಿ ಸೈಟು ಮಾರುವಷ್ಟು ದುಡ್ಡು ಸುರಿಯುವವರೂ ಇದ್ದಾರೆ. ನನ್ನ ಕನಸೂ ಅದೇ. ಆದರೆ ಆ ಕನಸಿಗೆ ಬೇಕಾದ ಮರ, ಬಡಗಿ, ಯೂನಿಟ್ಟು, ಇಟ್ಟಿಗೆ, ಕಿವಿ ಎಲ್ಲವೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಒಳಗೇ ಇವೆ ಎಂದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ.

ಬೇವಿನ ಮರದ ಹಾರ್ನು

ಹಾರ್ನ್ ಎಂದರೆ ನಮಗೆ ಮೊದಲು ನೆನಪಾಗುವುದು ಬೇವಿನ ಮರಕ್ಕೆ ಹಗ್ಗದಲ್ಲಿ ಕಟ್ಟಿದ ಅಲ್ಯುಮಿನಿಯಂ ಹಾರ್ನು. ನಾನು ಬೆಳೆದ ಮುಳಬಾಗಿಲು ತಾಲ್ಲೂಕಿನ ಹಳ್ಳಿಗೆ ಮೈಕ್ ಸೆಟ್ ಬರುತ್ತಿದ್ದದ್ದು ಸೈಕಲ್ಲಿನ ಮೇಲೆ. ಕ್ಯಾರಿಯರಿನಲ್ಲಿ ಆಂಪ್ಲಿಫೈಯರು, ರೆಕಾರ್ಡಿನ ಪೆಟ್ಟಿಗೆ. ಹ್ಯಾಂಡಲಿನ ಎರಡು ಕಡೆಗೂ ನೇತಾಡುವ ಹಾರ್ನುಗಳು. ಇನ್ನೊಂದು ಸೈಕಲ್ಲಿನಲ್ಲಿ ಗೋಣಿಚೀಲ ಸುತ್ತಿದ ಕಾರ್ ಬ್ಯಾಟರಿ. ಕೆರೆ ಏರಿಯ ಮೇಲೆ ಆ ಸೈಕಲ್ಲು ಕಂಡರೆ ಸಾಕು, ಊರಿನ ಹುಡುಗರೆಲ್ಲ ಎದುರು ಓಡುತ್ತಿದ್ದೆವು. ಹಾರ್ನು ಹೊರುವ ಭಾಗ್ಯ ಯಾರದೆಂದು ಜಗಳವಾಗುತ್ತಿತ್ತು. ನನಗೆ ಅದು ಸಿಕ್ಕಿದ್ದು ಎರಡೇ ಸಲ. ತಲೆಯ ಮೇಲೆ ಕವುಚಿಕೊಂಡು ನಡೆಯುವಾಗ ನನ್ನ ಉಸಿರಾಟ ನನಗೇ ದೊಡ್ಡದಾಗಿ ಕೇಳಿಸಿದ್ದು ಇವತ್ತಿಗೂ ನೆನಪಿದೆ.

ಮೈಕ್ ಸೆಟ್ಟಿನ ಯಜಮಾನರನ್ನು ನಾವು ಮಾವ ಅನ್ನುತ್ತಿದ್ದೆವು. ಅವರು ಮರ ಹತ್ತುವ ಮುಂಚೆ ಒಂದು ಹಿಡಿ ಮಣ್ಣು ತೆಗೆದು ಮೆಲ್ಲಗೆ ಬಿಡುತ್ತಿದ್ದರು. "ಗಾಳಿ ಯಾ ಕಡೀಕ್ ಓಗ್ತದೋ ಆ ಕಡೀಕ್ ಮೊಕ ಮಾಡ್ರೋ" ಎಂದು ಮೇಲಿನಿಂದ ಕೂಗುತ್ತಿದ್ದರು. "ಒತ್ತು ಮುಳುಗ್ಲಿ, ಆಮ್ಯಾಕ್ ನೋಡು, ಆವಣಿ ಬೆಟ್ಟದ್ ತಂಕ ಕೇಳ್ತದೆ" ಅನ್ನುತ್ತಿದ್ದರು. ಅವರು ಭೌತವಿಜ್ಞಾನ ಓದಿದವರಲ್ಲ, ಆದರೆ ಹೇಳಿದ್ದು ಸರಿಯಾಗಿಯೇ ಇತ್ತು. ಹಗಲಿನಲ್ಲಿ ಬಿಸಿಲಿಗೆ ನೆಲದ ಹತ್ತಿರದ ಗಾಳಿ ಕಾದು, ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ರಾತ್ರಿ ನೆಲ ತಣ್ಣಗಾದರೆ ಮೇಲಿನ ಗಾಳಿಯೇ ಬೆಚ್ಚಗಿದ್ದು ಸದ್ದನ್ನು ಕೆಳಕ್ಕೆ ಬಾಗಿಸುತ್ತದೆ. ಹಗಲು ಪಕ್ಕದೂರಿಗೂ ಮುಟ್ಟದ ಹಾಡು ರಾತ್ರಿ ಎರಡು ಊರು ದಾಟುವುದು ಹೀಗೆ.

ಮುಳಬಾಗಿಲಿನ ಟೆಂಟ್ ಸಿನಿಮಾದ ಹಾರ್ನಿನಿಂದ ಘಂಟಸಾಲರ 'ನಮೋ ವೆಂಕಟೇಶ' ಕೇಳಿದರೆ ಟಿಕೆಟ್ ಕೊಡಲು ಶುರುವಾಯಿತೆಂದೇ ಅರ್ಥ. ಹೊಲದಲ್ಲಿದ್ದವರು ಕೈಕಾಲು ತೊಳೆದುಕೊಂಡು ಹೊರಡುತ್ತಿದ್ದರು. ಪಂಚಾಯ್ತಿ ಕಟ್ಟಡದ ಮಾಳಿಗೆಯ ಹಾರ್ನು ಬೆಂಗಳೂರು ಆಕಾಶವಾಣಿಯ ವಾರ್ತೆಯನ್ನೂ ರೈತರ ಕಾರ್ಯಕ್ರಮವನ್ನೂ ಊರಿಗೆಲ್ಲ ಹಂಚುತ್ತಿತ್ತು. ದೇಶದ ಮಟ್ಟಿಗೂ ಇದು ದೊಡ್ಡ ಕಥೆಯೇ. 1930ರ ದಶಕದಲ್ಲಿ ಬೊಂಬಾಯಿಯ ಚಿಕಾಗೋ ರೇಡಿಯೋದ ನಾನಿಕ್ ಮೋಟ್ವಾನೆ ಕಾಂಗ್ರೆಸ್ ಅಧಿವೇಶನಗಳಿಗೆ ಧ್ವನಿವರ್ಧಕ ಹೊತ್ತು ತಿರುಗಿದರು. ಗಾಂಧೀಜಿಯ ಮೆಲುದನಿ ಲಕ್ಷ ಜನರ ಕಿವಿ ಮುಟ್ಟಿದ್ದು ಅಂಥ ಹಾರ್ನುಗಳ ಬಾಯಿಂದ. ದೆಹಲಿಯ ಅಹುಜಾ ಕಂಪನಿ 1940ರಲ್ಲಿ ಶುರುವಾಯಿತು. ಇವತ್ತಿಗೂ ನಮ್ಮ ಜಾತ್ರೆಗಳಲ್ಲಿ ಆ ಹೆಸರಿನ ಹಾರ್ನು ಕಾಣದ ಮರ ಕಡಿಮೆ.

ಆದರೆ ಅದೇ ಹಾರ್ನಿನಿಂದ ಹಾರ್ನಿಗೆ ಕೆಟ್ಟ ಹೆಸರೂ ಬಂತು. ಮೂಗಿನಲ್ಲಿ ಹಾಡಿದಂತೆ ಕ್ಯಾಂಯ್ ಅನ್ನುವ ದನಿ, ಕಿವಿ ಕೊರೆಯುವ ತಾರಸ್ಥಾಯಿ. ಇದನ್ನು ಹಾರ್ನಿನ ಹುಟ್ಟುಗುಣ ಎಂದು ಎಲ್ಲರೂ ನಂಬಿಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಮೈಕ್ ಸೆಟ್ಟಿನ ಹಾರ್ನು ಮಡಿಸಿದ ಹಾರ್ನು. ಸದ್ದು ಒಳಗೆ ಹೋಗಿ, ತಿರುಗಿ ಬಂದು, ಮತ್ತೆ ತಿರುಗಿ ಹೊರಬರುತ್ತದೆ. ಸೈಕಲ್ಲಿನಲ್ಲಿ ಸಾಗಿಸಬೇಕಲ್ಲ, ಉದ್ದವನ್ನು ಮಡಿಸಲೇಬೇಕು. ಜೊತೆಗೆ ತಗಡು ತೆಳು, ಅದೂ ಝಣ್ ಅನ್ನುತ್ತದೆ. ಹಿಂದಿನ ಯೂನಿಟ್ಟು ಮಾತಿಗಾಗಿ ಮಾಡಿದ್ದು: ಸುಮಾರು 300 ಹರ್ಟ್ಸ್‌ನಿಂದ 5-6 ಸಾವಿರ ಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕೊಟ್ಟ ಕೆಲಸ ದೂರಕ್ಕೆ ಕೂಗುವುದು, ಅದನ್ನು ಅದು ಮಾಡಿತು. ಆದರೆ ಕಹಳೆಯ ಆಕಾರಕ್ಕೆ ಇನ್ನೊಂದು ವಿದ್ಯೆ ಗೊತ್ತು: ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳುವುದು. ನಮ್ಮಲ್ಲಿ ಯಾರೂ ಅದನ್ನು ಅದರಿಂದ ಕೇಳಲಿಲ್ಲ.

ಮೊಂಡು ಮೇಕೆಯ ದಾರಿ

ಗಾಳಿ ಹಗುರ. ಸಾಮಾನ್ಯ ಸ್ಪೀಕರಿನ ಕಾಗದದ ಕೋನು ಅದನ್ನು ತಳ್ಳಲು ಹೋದರೆ ಗಾಳಿ ಪಕ್ಕಕ್ಕೆ ನುಣುಚಿಕೊಳ್ಳುತ್ತದೆ, ಬರಿಗೈಯಲ್ಲಿ ಹೊಗೆ ತಳ್ಳಿದ ಹಾಗೆ. ಆಂಪ್ಲಿಫೈಯರಿನಿಂದ ಬಂದ ನೂರು ಪಾಲು ಶಕ್ತಿಯಲ್ಲಿ ಒಂದು ಪಾಲು ಸದ್ದಾದರೆ ಹೆಚ್ಚು, ಮಿಕ್ಕಿದ್ದು ಕಾಯಿಲಿನ ಬಿಸಿಯಾಗಿ ಹೋಗುತ್ತದೆ. ಕಹಳೆ ಮಾಡುವುದೇನೆಂದರೆ, ಗಾಳಿಗೆ ನುಣುಚಲು ಜಾಗವಿಲ್ಲದ ಕಿರಿದಾದ ಗಂಟಲು ಕೊಟ್ಟು, ಅಲ್ಲಿಂದ ಹೊರಗಿನ ಬಯಲಿಗೆ ಗಾಬರಿಯಿಲ್ಲದಂತೆ ಮೆಲ್ಲನೆ ಕೈಹಿಡಿದು ಕರೆದೊಯ್ಯುವುದು. ಹೊಲದ ಆಚೆಗಿರುವವರನ್ನು ಕೂಗುವಾಗ ಬಾಯಿಗೆ ಅಂಗೈಗಳನ್ನು ಅಡ್ಡ ಹಿಡಿಯುತ್ತೇವಲ್ಲ, ಅದೇ ಉಪಾಯದ ಪೂರ್ಣ ರೂಪ ಇದು. ಒಳ್ಳೆಯ ಕಹಳೆಯಲ್ಲಿ ನೂರಕ್ಕೆ ಮೂವತ್ತು ಪಾಲಿನವರೆಗೂ ಸದ್ದಾಗಿಯೇ ಹೊರಬರಬಲ್ಲದು.

ಲೆಕ್ಕದಲ್ಲಿ ಹೇಳುವುದಾದರೆ, ಮನೆಯ ಸಣ್ಣ ಸ್ಪೀಕರು ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 85ರಿಂದ 90 ಡೆಸಿಬಲ್ ಕೊಡುತ್ತದೆ. ಕಹಳೆ 105 ಕೊಡುತ್ತದೆ. 20 ಡೆಸಿಬಲ್ ವ್ಯತ್ಯಾಸವೆಂದರೆ ನೂರು ಪಟ್ಟು ಶಕ್ತಿ. ಅಲ್ಲಿ ನೂರು ವಾಟ್ ಬೇಕಾದ ಕೆಲಸ ಇಲ್ಲಿ ಒಂದೇ ವಾಟಿನಲ್ಲಿ ಮುಗಿಯುತ್ತದೆ. ನನಗೆ ಮುಖ್ಯವಾದದ್ದು ಈ ಉಳಿತಾಯವಲ್ಲ. ಯೂನಿಟ್ಟಿನೊಳಗೆ ಅದುರುವ ಪೊರೆ ಅಷ್ಟು ಕಡಿಮೆ ಅಲುಗಾಡಿದರೆ ಅದು ಸೋಲುವುದಿಲ್ಲ, ಸದ್ದನ್ನು ಕಲಸುವುದಿಲ್ಲ. ಭಾರ ಹೊತ್ತವನ ಮಾತಿಗೂ ಜಗಲಿಯಲ್ಲಿ ಕೂತವನ ಮಾತಿಗೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಅಮೆರಿಕದ ಪಾಲ್ ಕ್ಲಿಪ್ಶ್ ಜೀವಮಾನವಿಡೀ ವಾದಿಸಿದ್ದು ಇದನ್ನೇ: ದಕ್ಷತೆ ಹೆಚ್ಚಿದಷ್ಟೂ ಧ್ವನಿಯ ವಿಕಾರ ಕಡಿಮೆ. ಆರ್ಕಾನ್ಸಾ ಸೀಮೆಯ ಹೋಪ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಅವರು ಮರದ ಪೆಟ್ಟಿಗೆಯೊಳಗೆ ಮಡಿಸಿದ ಕಹಳೆ ಮಾಡಿ ಮಾರಲು ಶುರುಮಾಡಿದರು. ಕೋಣೆಯ ಮೂಲೆಯಲ್ಲಿಟ್ಟರೆ ಎರಡು ಗೋಡೆಯೂ ನೆಲವೂ ಸೇರಿ ಕಹಳೆಯ ಉಳಿದ ಭಾಗವಾಗುತ್ತವೆ. ಆ ಕ್ಲಿಪ್ಶ್‌ಹಾರ್ನ್ ಇವತ್ತಿಗೂ ತಯಾರಾಗುತ್ತಿದೆ.

ಅದಕ್ಕೂ ಮೊದಲು ಕಹಳೆಯನ್ನು ಸಾಕಿದ್ದು ಸಿನಿಮಾ. 1926ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 555 ಎಂಬ ಯೂನಿಟ್ಟು ಬಂದಾಗ ಆಂಪ್ಲಿಫೈಯರುಗಳ ಶಕ್ತಿ ಕೆಲವೇ ವಾಟ್. ಅಷ್ಟರಲ್ಲಿ ಸಾವಿರ ಜನ ಕೂತ ಚಿತ್ರಮಂದಿರ ತುಂಬಬೇಕು. ಆ ಕಂಪನಿಯ 15ಎ ಎಂಬ ಕಹಳೆ ಮರದ ಪದರಗಳಿಂದ ಬಸವನಹುಳುವಿನಂತೆ ಸುರುಳಿ ಸುತ್ತಿಕೊಂಡಿತ್ತು. ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಾಗಲೂ ಪ್ರಪಂಚದ ಸಿನಿಮಾ ಕಹಳೆಯ ಮೂಲಕವೇ ಮಾತಾಡುತ್ತಿತ್ತು. ಆಮೇಲೆ 1954ರಲ್ಲಿ ಎಡ್ಗರ್ ವಿಲ್ಚರ್ ಪುಸ್ತಕದ ಕಪಾಟಿನಲ್ಲಿ ಕೂರುವಂಥ ಮುಚ್ಚಿದ ಪೆಟ್ಟಿಗೆಯ ಸ್ಪೀಕರು ಮಾಡಿದರು. ಹಿಂದೆಯೇ ಟ್ರಾನ್ಸಿಸ್ಟರು ಬಂದು ವಾಟ್ ಅಗ್ಗವಾಯಿತು. ಮನೆಗಳು ಚಿಕ್ಕವಾದವು. ದೈತ್ಯ ಕಹಳೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಗುಜರಿಗೆ ಹೋದ ಹಳೇ ಚಿತ್ರಮಂದಿರಗಳ ಕಹಳೆಗಳನ್ನು ಹುಡುಕಿ ಹುಡುಕಿ ಮನೆಗೆ ತಂದುಕೊಂಡವರು ಜಪಾನಿನ ರಸಿಕರು.

ಕಹಳೆಯ ಗೆರೆ ಹೇಗಿರಬೇಕು ಎಂಬುದಕ್ಕೆ ಹಲವು ಉತ್ತರಗಳಿವೆ. ನನಗೆ ಪ್ರಿಯವಾದದ್ದು ಇಂಗ್ಲೆಂಡಿನ ಪಾಲ್ ವಾಯ್ಟ್ 1920ರ ದಶಕದಲ್ಲಿ ಆರಿಸಿದ ಟ್ರ್ಯಾಕ್ಟ್ರಿಕ್ಸ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಗೋಡೆಯ ಪಕ್ಕದಲ್ಲೇ ನೀವು ನೇರವಾಗಿ ನಡೆಯುತ್ತಿದ್ದೀರಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಗೋಡೆಯಿಂದ ದೂರಕ್ಕೆ ನಿಂತ ಒಂದು ಮೊಂಡು ಮೇಕೆ. ನೀವು ಎಳೆಯುತ್ತೀರಿ, ಅದು ಕಾಲೂರಿ ತೆವಳುತ್ತದೆ. ಮೊದಮೊದಲು ಅಡ್ಡಡ್ಡ, ಆಮೇಲೆ ಬಾಗಿ, ಕೊನೆಗೆ ಹೆಚ್ಚುಕಡಿಮೆ ನಿಮ್ಮ ಹಿಂದೆಯೇ. ಮಣ್ಣಿನಲ್ಲಿ ಅದರ ಕಾಲು ಎಳೆದ ಗೆರೆಯೇ ಟ್ರ್ಯಾಕ್ಟ್ರಿಕ್ಸ್. ಆ ಗೆರೆಯನ್ನು ಗೋಡೆಯ ಸುತ್ತ ಬುಗುರಿಯಂತೆ ತಿರುಗಿಸಿದರೆ ಕಹಳೆ. ಹಗ್ಗದ ಉದ್ದವೇ ಕಹಳೆಯ ಬಾಯಿಯ ಅರ್ಧ ಅಗಲ. ಎಷ್ಟು ಕೆಳಗಿನ ಸ್ವರ ಬೇಕೋ ಆ ಸ್ವರದ ಒಂದು ಅಲೆಯ ಉದ್ದ ಬಾಯಿಯ ಸುತ್ತಳತೆಗೆ ಸಮನಾಗಿರಬೇಕು. 300 ಹರ್ಟ್ಸ್‌ಗೆ ಹಗ್ಗ 18.2 ಸೆಂಟಿಮೀಟರ್, ಬಾಯಿ 36 ಸೆಂಟಿಮೀಟರ್. 100 ಹರ್ಟ್ಸ್ ಬೇಕೆಂದರೆ ಬಾಯಿಯೇ ಮೂರೂವರೆ ಅಡಿ ದಾಟುತ್ತದೆ. ಕಹಳೆಯ ಕನಸು ಕಾಣುವವರೆಲ್ಲ ಒಂದಲ್ಲ ಒಂದು ದಿನ ಅಳತೆಪಟ್ಟಿ ಹಿಡಿದು ತಮ್ಮ ಮನೆಯ ಬಾಗಿಲ ಮುಂದೆ ನಿಂತಿರುತ್ತಾರೆ.

ಶ್ರೀನಿವಾಸಪುರದ ಲೇತು

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿದ ಮೇಲೆ ಮಂಡಿಗಳ ಮುಂದೆ ಒಡೆದ ಪೆಟ್ಟಿಗೆ, ಒಣಹುಲ್ಲು, ನೊಣ ಉಳಿದಿರುತ್ತವೆ. ಬಾದಾಮಿ, ಬೇನಿಷಾ, ರಸಪುರಿ, ಸೇಂದೂರ ಎಲ್ಲ ಲಾರಿ ಹತ್ತಿ ಹೋಗಿರುತ್ತವೆ. ತೋತಾಪುರಿಗೆ ಬೆಲೆ ಬಿದ್ದ ವರ್ಷ ತೋಟದ ಹಳೇ ಮರಗಳಿಗೆ ಗರಗಸ ಬೀಳುತ್ತದೆ. ಅಜ್ಜ ನೆಟ್ಟ ಮರ ಮೊಮ್ಮಗನ ಸಾಲಕ್ಕೆ ಸೌದೆಯಾಗುವುದನ್ನು ನೋಡುವುದು ಕಷ್ಟ. ಮಾವಿನ ಮರಕ್ಕೆ ತೇಗದ ಮರ್ಯಾದೆ ಇಲ್ಲ. ಅದು ಹೋಗುವುದು ಪ್ಯಾಕಿಂಗ್ ಪೆಟ್ಟಿಗೆಗೆ, ಪ್ಲೈವುಡ್ಡಿಗೆ, ಒಲೆಗೆ. ಹುಳು ಬೀಳುತ್ತದೆ, ಬೇಗ ಬಿರುಕು ಬಿಡುತ್ತದೆ ಎಂಬ ದೂರು ನಿಜ. ಆದರೆ ನೆರಳಿನಲ್ಲಿ ತಾಳ್ಮೆಯಿಂದ ಒಣಗಿಸಿದರೆ ಅದು ಉಳಿಗೆ ಒಗ್ಗುವ, ತಟ್ಟಿದರೆ ದಮ್ ಎಂದು ತಕ್ಷಣ ಸುಮ್ಮನಾಗುವ ಮರ. ಕಹಳೆಯ ಗೋಡೆಗೆ ಬೇಕಾದದ್ದು ಆ ಸುಮ್ಮನಾಗುವ ಗುಣ. ಮೃದಂಗ, ಡೋಲುಗಳಿಗೆ ಹಲಸು ಆರಿಸುವುದು ಮರವೂ ಜೊತೆಗೆ ನುಡಿಯಲಿ ಎಂದು. ಇಲ್ಲಿ ಮರ ನುಡಿಯಬಾರದು, ಆಕಾರ ಮಾತ್ರ ಕೆಲಸ ಮಾಡಬೇಕು. ಒಂದೊಂದು ಮರದ ಕಹಳೆಗೂ ಒಂದೊಂದು ನಾದವಿದೆ ಎಂದು ವಾದಿಸುವವರಿದ್ದಾರೆ. ಗೋಡೆ ದಪ್ಪವಿದ್ದು ಗೆರೆ ಸರಿಯಿದ್ದರೆ ಮರದ ಜಾತಿ ಕಿವಿಗೆ ಗೊತ್ತಾಗುವುದಿಲ್ಲ ಎಂಬುದು ನನ್ನ ಅನುಭವ.

ನಾನು ಹೋದದ್ದು ಮಂಚದ ಕಾಲು, ತೊಟ್ಟಿಲ ಕಂಬ ಕಡೆಯುವ ಒಬ್ಬ ಆಚಾರ್ರ ಹತ್ತಿರ. ಚಿತ್ರ ನೋಡಿ ಅವರು ಕೇಳಿದ ಮೊದಲ ಮಾತು: "ಏನ್ ಸಾ ಇದು, ಉಮ್ಮತ್ತಿ ಊವಾ?" ಉಮ್ಮತ್ತಿ ಹೂವೇ. ಅದಕ್ಕಿಂತ ಸರಿಯಾದ ಹೋಲಿಕೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಮೇಕೆಯ ಕಥೆ ಹೇಳಿದೆ. ಅವರು ಒಂದು ಹಲಗೆ ತೆಗೆದು, ಅಂಚಿಗೆ ಪಟ್ಟಿ ಹೊಡೆದು, 18.2 ಸೆಂಟಿಮೀಟರ್ ದಾರಕ್ಕೆ ಒಂದು ಭಾರದ ನಟ್ಟು ಕಟ್ಟಿ, ನಟ್ಟಿನ ತೂತಿಗೆ ಪೆನ್ಸಿಲ್ ಸಿಕ್ಕಿಸಿ, ಪಟ್ಟಿಯುದ್ದಕ್ಕೂ ಎಳೆದರು. ನಾನು ಲೆಕ್ಕ ಹಾಕಿ ಕಾಗದದಲ್ಲಿ ತಂದಿದ್ದ ಗೆರೆಯ ಮೇಲೆ ಇಟ್ಟು ನೋಡಿದರೆ ಕೂದಲೆಳೆಯ ವ್ಯತ್ಯಾಸವಿಲ್ಲ. ಆ ಗೆರೆಗೆ ತಗಡು ಕತ್ತರಿಸಿ ಫರ್ಮಾ ಮಾಡಿದೆವು.

ಒಂದು ಇಂಚಿನ ಗಂಟಲಿನಿಂದ 36 ಸೆಂಟಿಮೀಟರ್ ಬಾಯಿಗೆ ಕಹಳೆಯ ಉದ್ದ 43 ಸೆಂಟಿಮೀಟರ್. ಮುಕ್ಕಾಲು ಇಂಚಿನ ಹಲಗೆಯಲ್ಲಿ 23 ಉಂಗುರ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಲೇತಿಗೆ ಕಟ್ಟಿ ಒಳಗಿನಿಂದ ಕಡೆಯಬೇಕು. ಈ ಗೆರೆಯ ವಿಚಿತ್ರವೇನೆಂದರೆ ಅರ್ಧ ದಾರಿಯವರೆಗೂ ಅದು ಹೆಚ್ಚೇನೂ ಅರಳುವುದಿಲ್ಲ. ನಡುವಿಗೆ ಬಂದಾಗ ಅಗಲ ಬರೀ 8 ಸೆಂಟಿಮೀಟರ್. ಕೊನೆಯ 5 ಸೆಂಟಿಮೀಟರಿನಲ್ಲಿ 22ರಿಂದ 36ಕ್ಕೆ ಜಿಗಿಯುತ್ತದೆ. "ಕಡೇಗೆ ಒಂದೇ ಸಲ ಬುಟ್ಬುಡ್ತದಲ್ಲ ಸಾ" ಎಂದು ಆಚಾರ್ರು ಪ್ರತಿ ಸಲವೂ ಅಲ್ಲಿಗೆ ಬಂದಾಗ ಹೇಳುತ್ತಿದ್ದರು. ಮಂಚದ ಕಾಲಿನ ಲೇತಿಗೆ ಅಷ್ಟು ದಪ್ಪದ್ದು ತಿರುಗುವಷ್ಟು ಎತ್ತರವಿರಲಿಲ್ಲ. ತಲೆಯ ಕೆಳಗೆ ಹುಣಸೆ ದಿಮ್ಮಿ ಕೊಟ್ಟು ಎತ್ತರಿಸಿದರು.

ಮೊದಲ ಕಹಳೆ ಒಡೆಯಿತು. ತಪ್ಪು ನನ್ನದು. ಮರ ಪೂರ್ತಿ ಒಣಗಿರಲಿಲ್ಲ, ನನಗೆ ಅವಸರವಿತ್ತು. ಏಪ್ರಿಲಿನ ಒಣ ಗಾಳಿಗೆ ಒಂದು ರಾತ್ರಿ ಟಪ್ಪೆಂದು ಸದ್ದಾಗಿ, ಬೆಳಗ್ಗೆ ನೋಡಿದರೆ ಬಾಯಿಂದ ಗಂಟಲ ಹತ್ತಿರದವರೆಗೂ ಬಿರುಕು. ಆಚಾರ್ರು ಏನೂ ಅನ್ನಲಿಲ್ಲ. ಮುಂದಿನ ವರ್ಷದ ಸುಗ್ಗಿಯವರೆಗೂ ಹಲಗೆಗಳನ್ನು ತಮ್ಮ ಅಟ್ಟದಲ್ಲಿಟ್ಟುಕೊಂಡರು, ಅಷ್ಟೇ. ಎರಡನೇ ಸಲ ದೊಡ್ಡ ಉಂಗುರಗಳನ್ನು ಇಡೀ ಹಲಗೆಯಲ್ಲಿ ಕತ್ತರಿಸಲಿಲ್ಲ. ಬಂಡಿಚಕ್ರದ ಸುತ್ತುಪಟ್ಟಿಯಂತೆ ಆರಾರು ತುಂಡು ಜೋಡಿಸಿ ಉಂಗುರ ಮಾಡಿದರು. ಮರದ ಎಳೆ ಎಲ್ಲ ಕಡೆಗೂ ಸುತ್ತಲೇ ಹರಿಯುವುದರಿಂದ ಕುಗ್ಗಿದರೂ ಸಮನಾಗಿ ಕುಗ್ಗುತ್ತದೆ. ಬಂಡಿಚಕ್ರ ಮಾಡುತ್ತಿದ್ದ ಅವರ ತಂದೆಯ ವಿದ್ಯೆ ಅದು. ಹೀಗೆ ಹೊಸದಾಗಿ ಮಾಡಿದ ಎರಡು ಕಹಳೆಗೂ ಒಳಗೆ ಹೊರಗೆ ಎಣ್ಣೆ ಕುಡಿಸಿದೆವು. ಎರಡು ಬೇಸಿಗೆ ಕಳೆದಿವೆ, ಒಂದು ಕೂದಲೆಳೆಯ ಬಿರುಕೂ ಇಲ್ಲ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಕಹಳೆಯನ್ನು ಹೊತ್ತೊಯ್ದದ್ದು ಬೇರೆಯೇ ಕಾರಣಕ್ಕೆ. ದೇವರ ವಿಗ್ರಹ ಕೆತ್ತುವ ಆ ಊರಿನಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ, ಗಾಡಿಯಲ್ಲಿ ಇದೂ ಇತ್ತು. ವಯಸ್ಸಾದ ಶಿಲ್ಪಿಯೊಬ್ಬರು ಏನೆಂದು ಕೇಳಿ, ಕಹಳೆಯ ಬಾಯೊಳಗೆ ಕೈ ಇಳಿಸಿ, ಕಣ್ಣು ಮುಚ್ಚಿ ಅಂಗೈ ಸುತ್ತಲೂ ಸವರಿದರು. ಒಂದು ಕಡೆ ನಿಲ್ಲಿಸಿ, "ಇಲ್ಲಿ ತುಸು ಹೊಟ್ಟೆ ಐತೆ" ಎಂದರು. ನನ್ನ ಫರ್ಮಾ ಅದನ್ನು ಹಿಡಿದಿರಲಿಲ್ಲ. ಮನೆಗೆ ಬಂದು ದೀಪ ಅಡ್ಡಡ್ಡ ಹಿಡಿದು ನೋಡಿದರೆ ನೆರಳಿನಲ್ಲಿ ಉಬ್ಬು ಕಂಡಿತು. ಉಪ್ಪುಕಾಗದದಲ್ಲಿ ಅರ್ಧ ಗಂಟೆಯ ಕೆಲಸ. ವಿಗ್ರಹದ ಕೆನ್ನೆಯನ್ನು ಐವತ್ತು ವರ್ಷ ಸವರಿದ ಅಂಗೈಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಸಣ್ಣ ದನಿ

ಮೊದಲು ಹಾಕಿದ್ದು ಮುಳಬಾಗಿಲಿನ ಮೈಕ್ ಸೆಟ್ ಅಂಗಡಿಯಿಂದ ತಂದ ಮಾಮೂಲಿ ಯೂನಿಟ್ಟನ್ನು. ಜಾತ್ರೆಯಲ್ಲಿ ಕೂಗಿ ಕೂಗಿ ಬಣ್ಣ ಹೋದ ಯೂನಿಟ್ಟು. ಅದನ್ನು ಮಾವಿನ ಕಹಳೆಗೆ ಕೂರಿಸಿ, 500 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ 15 ಇಂಚಿನ ವೂಫರಿನ ಪೆಟ್ಟಿಗೆಗೆ ಕೊಟ್ಟೆ. 300ಕ್ಕೆ ಮಾಡಿದ ಕಹಳೆಯನ್ನು 300ರ ತನಕ ಇಳಿಸಬಾರದು, ಅಂಚಿನಲ್ಲಿ ಅದು ಒದ್ದಾಡುತ್ತದೆ. ಬಿ.ಎಸ್. ರಾಜಯ್ಯಂಗಾರ್ ಅವರ 'ಜಗದೋದ್ಧಾರನ' ಇಟ್ಟೆ. ಹಳೇ 78 ಆರ್‌ಪಿಎಂ ತಟ್ಟೆಯ ಚುರುಚುರು ಸದ್ದಿನ ನಡುವೆ ಆ ದನಿ ಎದುರಿಗೆ ಬಂದು ನಿಂತಿತು. ಮೂಗಿನ ಕ್ಯಾಂಯ್ ಇಲ್ಲ. ಯೂನಿಟ್ಟು ಅದೇ, ಬದಲಾದದ್ದು ಅದರ ಮುಂದಿನ ಮರ. ಮೇಲಿನ ಸ್ವರಗಳಿಗೆ ಇನ್ನೂ ಉಸಿರಾಡಲು ಜಾಗ ಬೇಕಿತ್ತು, ಆರು ತಿಂಗಳಾದ ಮೇಲೆ ಉತ್ತಮ ಡ್ರೈವರ್ ಹಾಕಿದೆ. ಆದರೆ ನನಗೆ ನಂಬಿಕೆ ಹುಟ್ಟಿದ್ದು ಆ ಬಣ್ಣ ಹೋದ ಯೂನಿಟ್ಟಿನಿಂದಲೇ.

ಆಚಾರ್ರನ್ನು ಮನೆಗೆ ಕರೆದೆ. ಅವರು ಕೇಳಲು ಬಯಸಿದ್ದು ತಮಟೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕಡೆಯ ಎಲ್ಲ ತಮಟೆಯವರ ಎದೆ ಉಬ್ಬಿತ್ತು. ಅವರ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ, 2007ರವರೆಗೂ ಅದೆಲ್ಲ ಒಂದೇ ಕೋಲಾರ ಜಿಲ್ಲೆ. ನಮ್ಮೂರ ಹಬ್ಬದಲ್ಲಿ ನಾನೇ ರೆಕಾರ್ಡ್ ಮಾಡಿಕೊಂಡಿದ್ದ ತಮಟೆ ಇತ್ತು. ತಮಟೆಯಂಥ ಕಷ್ಟದ ವಾದ್ಯ ಸ್ಪೀಕರಿಗೆ ಇನ್ನೊಂದಿಲ್ಲ. ಬೆಂಕಿಗೆ ಕಾಯಿಸಿ ಬಿಗಿದ ಚರ್ಮಕ್ಕೆ ಸಣ್ಣ ಕಡ್ಡಿ ತಾಗಿದ ಗಳಿಗೆ ಮಿಂಚಿನಂತೆ ಬಂದು ಹೋಗುತ್ತದೆ. ಸಾಮಾನ್ಯ ಪೆಟ್ಟಿಗೆಯಲ್ಲಿ ಆ ಏಟಿನ ತಲೆ ಮೊಂಡಾಗುತ್ತದೆ. ಅದನ್ನು ಮುಚ್ಚಿಕೊಳ್ಳಲು ನಾವು ವಾಲ್ಯೂಮ್ ಏರಿಸುತ್ತೇವೆ.

ಅವರು ಮಂಚದ ಮೇಲೆ ಕಾಲು ಮಡಚಿ ಕೂತರು. ನಾನು ಹಾಕಿದ್ದು ಮಾತಾಡುವಷ್ಟೇ ದನಿಯಲ್ಲಿ. ಕಡ್ಡಿಯ ಏಟು, ಚರ್ಮದ ಅದುರು, ಹಿಂದೆ ಯಾರೋ ಕೆಮ್ಮಿದ್ದು, ಇನ್ನೊಬ್ಬ ತಮಟೆಯವನು ಗೆಜ್ಜೆಕಾಲು ಎತ್ತಿಟ್ಟಿದ್ದು. ಒಳಗಿನಿಂದ ನನ್ನ ಹೆಂಡತಿ ಕಾಫಿ ಆಯಿತೆಂದು ಕರೆದದ್ದೂ ಸ್ಪಷ್ಟವಾಗಿ ಕೇಳಿಸಿತು. ಆಚಾರ್ರು ತಾವೂ ದನಿ ತಗ್ಗಿಸಿ, "ಇಷ್ಟು ಸಣ್ಣಕ್ ಇಕ್ಕಿದ್ರೂ ಎಲ್ಲಾ ಕೇಳ್ತದಲ್ಲ ಸಾ" ಎಂದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಅವತ್ತು ಅವರು ಹೇಳಿದ ಇನ್ನೊಂದು ವಿಷಯ ನನ್ನನ್ನು ಬಿಟ್ಟಿಲ್ಲ. ಮಂಚದ ಕಾಲಿಗೆ ಗಿರಾಕಿ ಕಡಿಮೆಯಾದ ಮೇಲೆ ಅವರ ಮುಖ್ಯ ಸಂಪಾದನೆಯೇ ಸೌಂಡ್ ಬಾಕ್ಸಿನದಂತೆ. ಗಣೇಶನ ಹಬ್ಬಕ್ಕೆ, ಊರ ಹಬ್ಬಕ್ಕೆ ಟ್ರ್ಯಾಕ್ಟರ್ ಮೇಲೆ ಪೇರಿಸುವ ಪ್ಲೈವುಡ್ ಪೆಟ್ಟಿಗೆಗಳು. 18 ಇಂಚಿನ ಸ್ಪೀಕರನ್ನು ಹಿಂದಕ್ಕೆ ತಿರುಗಿಸಿ ಕೂರಿಸಿ, ಸದ್ದನ್ನು ಎರಡು ಕವಲಾಗಿ ಮಡಿಸಿ ಹೊರಗೆ ಬಿಡುವ ಡಬ್ಲ್ಯು ಬಿನ್ನು. ಅದೂ ಮರದ ಕಹಳೆಯೇ! ಅವರು ಕಹಳೆ ಮಾಡುತ್ತಿದ್ದದ್ದು ನನಗಿಂತ ಹತ್ತು ವರ್ಷ ಮೊದಲಿನಿಂದ. ಅಂಗಡಿಯವರು ಯಾವುದೋ ಪೆಟ್ಟಿಗೆ ತಂದು ಇದರಂತೆಯೇ ಮಾಡು ಎನ್ನುತ್ತಾರೆ, ಇವರು ಅಳೆದು ಮಾಡುತ್ತಾರೆ. ಒಬ್ಬರಿಂದ ಒಬ್ಬರು ನಕಲು ಮಾಡುತ್ತ ಒಳಗಿನ ಹಲಗೆಯ ಓರೆ ಎಲ್ಲೋ ಒಂದಿಷ್ಟು ಜಾರಿರುತ್ತದೆ. ಕಹಳೆ ಅಲ್ಲಿ ಗಂಟಲು ಕಟ್ಟಿಕೊಳ್ಳುತ್ತದೆ. ಕಟ್ಟಿದ ಗಂಟಲನ್ನು ಸಾವಿರಾರು ವಾಟ್ ಹಾಕಿ ಒಡೆಯುತ್ತಾರೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೂ ಇದೆ. ಆದರೂ ಹಬ್ಬದ ದಿನ ಎಳೆಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಿಲಿಗೆ ಓಡುವ ತಾಯಂದಿರನ್ನು ನಾನು ನೋಡಿದ್ದೇನೆ. ಕಹಳೆಗೆ ಆ ಕೆಲಸ ಕೊಟ್ಟವರು ನಾವು. ಅದಕ್ಕೆ ಒಂದು ವಾಟ್ ಸಾಕಾಗಿತ್ತು.

ಈಗ ಆಚಾರ್ರು ಪೆಟ್ಟಿಗೆಯ ಗೆರೆಗಳನ್ನು ನನ್ನ ಹತ್ತಿರ ತಂದು ತೋರಿಸುತ್ತಾರೆ. ನಾನು ಲೆಕ್ಕ ಹಾಕಿ ಕೊಡುತ್ತೇನೆ. ಹೋದ ವರ್ಷ ಮಾಡಿದ ಒಂದು ಜೋಡಿಗೆ ಮುಂಚಿನ ಅರ್ಧದಷ್ಟು ಆಂಪ್ಲಿಫೈಯರ್ ಸಾಕಾಯಿತೆಂದು ಅಂಗಡಿಯವರು ಹೇಳಿಕಳಿಸಿದ್ದರು. ನನಗೆ ಆ ಮಾವಿನ ಕಹಳೆಯಷ್ಟೇ ಸಂತೋಷ ಕೊಟ್ಟ ಸುದ್ದಿ ಅದು.

ನನ್ನ ಕಹಳೆಯಲ್ಲಿ ಕೊರತೆಯಿಲ್ಲ ಎಂದಲ್ಲ. ಎದುರಿಗೆ ಕೂತರೆ ಸ್ವರ್ಗ, ನಾಲ್ಕಡಿ ಪಕ್ಕಕ್ಕೆ ಸರಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ದೊಡ್ಡ ಕೊರತೆ ಕೆಳಗಿದೆ. ತಮಟೆಯ ಏಟು ಕಹಳೆಯಿಂದ ಹಕ್ಕಿಯಂತೆ ಹಾರಿ ಬರುತ್ತದೆ, ಅದರ ದುಮ್ ಎಂಬ ಒಡಲು ಪೆಟ್ಟಿಗೆಯಿಂದ ತುಸು ಭಾರವಾಗಿ ಹಿಂದೆ ಬರುತ್ತದೆ. ನಾಗಸ್ವರದ ಪಕ್ಕದಲ್ಲಿ ಡೋಲು ಬೇರೆ ಕೋಣೆಯಲ್ಲಿ ಕೂತಂತೆ. ಕೆಳಗಿನ ಸ್ವರಕ್ಕೂ ಕಹಳೆಯೇ ಬೇಕು. 50 ಹರ್ಟ್ಸ್‌ನ ಒಂದು ಅಲೆ ಇಪ್ಪತ್ತೆರಡು ಅಡಿಗಿಂತ ಉದ್ದ. ಬಯಲಿನಲ್ಲಿಟ್ಟರೆ ಬಾಯಿ ಏಳು ಅಡಿ ಅಗಲ. ಕೋಣೆಯ ಮೂಲೆಯನ್ನು ಕ್ಲಿಪ್ಶ್ ಬಳಸಿದಂತೆ ಬಳಸಿದರೆ ಅದರ ಎಂಟನೇ ಒಂದು ಪಾಲು, ಅಂದರೆ ಸುಮಾರು ಐದು ಚದರಡಿ ಬಾಯಿ ಸಾಕು. ಪ್ರತಿ 38 ಸೆಂಟಿಮೀಟರಿಗೆ ವಿಸ್ತೀರ್ಣ ಇಮ್ಮಡಿಯಾಗುತ್ತ ಹೋಗಬೇಕು. ಒಟ್ಟು ಉದ್ದ ನಾಲ್ಕೂವರೆ ಅಡಿ.

ಇದಕ್ಕೆ ಮರ ಬೇಡ ಎಂದು ನನಗನ್ನಿಸಿದ್ದು ಮಾಲೂರಿನ ರಸ್ತೆಯಲ್ಲಿ. ಎರಡು ಬದಿಯಲ್ಲೂ ಇಟ್ಟಿಗೆಗೂಡು, ಹೆಂಚಿನ ಕಾರ್ಖಾನೆ, ಕೆಂಪು ಧೂಳು. ಕೆಳಗಿನ ಸ್ವರಕ್ಕೆ ಹಲಗೆ ಎಷ್ಟು ದಪ್ಪವಿದ್ದರೂ ಅದುರುತ್ತದೆ, ಇಟ್ಟಿಗೆ ಗೋಡೆ ಅದುರುವುದಿಲ್ಲ. ಇಂಗ್ಲೆಂಡಿನಲ್ಲಿ ವಾರ್ಫ್‌ಡೇಲ್ ಕಂಪನಿ ಕಟ್ಟಿದ ಗಿಲ್ಬರ್ಟ್ ಬ್ರಿಗ್ಸ್ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಸ್ಪೀಕರಿನ ಹಲಗೆಗಳ ನಡುವೆ ಮರಳು ತುಂಬಿದರು, ಮೂಲೆಯಲ್ಲಿ ಇಟ್ಟಿಗೆಯ ಗೋಡೆ ಕಟ್ಟಿ ಅದನ್ನೇ ಪೆಟ್ಟಿಗೆ ಮಾಡಿದರು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಕಲಾವಿದರನ್ನೂ ಸ್ಪೀಕರುಗಳನ್ನೂ ಒಂದೇ ವೇದಿಕೆಯಲ್ಲಿಟ್ಟು ಹೋಲಿಸಿ ಕೇಳಿಸಿದವರು ಅವರು.

ಕೋಣೆಯ ಮೂಲೆಯಲ್ಲಿ ಸೀಮೆಸುಣ್ಣದ ಗೆರೆ ಎಳೆದಾಗಿದೆ. ಎರಡು ಗೋಡೆಯ ಮೇಲೆ, ನೆಲದ ಮೇಲೆ, ಬಾಗಿ ಬಾಗಿ ಬಂದು ಕಿಟಕಿಯ ಕೆಳಗೆ ಅರಳುವ ಗೆರೆ. ಹೆಂಡತಿ ಬೀರುವನ್ನು ಬೇರೆ ಗೋಡೆಗೆ ಸರಿಸಲು ಒಪ್ಪಿದ್ದಾಳೆ. ಆಚಾರ್ರು ಕಮಾನಿನ ಅಚ್ಚು ಮಾಡಿಕೊಡುತ್ತೇನೆಂದಿದ್ದಾರೆ, ಬಾಗಿದ ಗೋಡೆ ಕಟ್ಟಬಲ್ಲ ಗಾರೆಯವರನ್ನು ಟೇಕಲ್ ಕಡೆಯಿಂದ ಕರೆತರುವುದೂ ಅವರದೇ ಜವಾಬ್ದಾರಿ. ಗೂಡಿನವರು ಫೋನಿನಲ್ಲಿ ಎಷ್ಟು ಇಟ್ಟಿಗೆ ಬೇಕೆಂದು ಕೇಳಿದರು. ಮುನ್ನೂರು ಅಂದೆ. ಅಷ್ಟು ಕಡಿಮೆಗೆ ಗಾಡಿ ಕಳಿಸಲಾಗುವುದಿಲ್ಲ, ಏನು ಕಟ್ಟುತ್ತಿದ್ದೀರಿ ಎಂದು ವಿಚಾರಿಸಿದರು. ಡೋಲಿನ ಸದ್ದಿಗೆ ಎಂದೆ. ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, ಭಾನುವಾರ ಕೋಲಾರದ ಕಡೆ ಬೇರೆ ಲೋಡಿದೆ, ಅದರ ಜೊತೆಗೆ ಹಾಕಿ ಕಳಿಸುತ್ತೇನೆ ಎಂದರು.